ಮೂವತ್ತು ದಿನ ಮಾತಾಡದ ಫೋನು

ಸಂಘಮಿತ್ರಳ ಕೆಲಸ ಏನೆಂದು ಅವಳ ಅತ್ತೆಗೆ ಇವತ್ತಿಗೂ ಅರ್ಥವಾಗಿಲ್ಲ. ಹೆಬ್ಬಾಳದ ಅವಳ ಕಂಪನಿ ಒಂದು ಕಾವಲು ಸಾಫ್ಟ್‌ವೇರ್ ಮಾಡುತ್ತದೆ. ಆಫೀಸುಗಳ ಲ್ಯಾಪ್‌ಟಾಪು, ಫೋನುಗಳೆಲ್ಲ ಅದರ ಕಣ್ಗಾವಲಿನಲ್ಲಿರುತ್ತವೆ. ಕಳೆದುಹೋದ ಫೋನು, ಕೆಲಸ ಬಿಟ್ಟವರ ಫೋನುಗಳನ್ನು ಪಟ್ಟಿಯಿಂದ ತೆಗೆದುಹಾಕಿ ಒಳಗಿರುವುದನ್ನೆಲ್ಲ ಅಳಿಸುವುದೂ ಅದೇ. ಮೊದಲು ಯಾರಾದರೂ ಕೂತು ಒಂದೊಂದನ್ನೇ ತೆಗೆಯುತ್ತಿದ್ದರು. ಈಗ ಎಐ ಏಜೆಂಟ್ ಬಂದಿದೆ, ನೂರಾರನ್ನು ಒಂದೇ ಏಟಿಗೆ ತೆಗೆಯುತ್ತದೆ. ಯಾವುದನ್ನು, ಯಾವಾಗ ತೆಗೆಯಬೇಕೆಂದು ಏಜೆಂಟ್ ಓದಿ ತಿಳಿಯಬೇಕಾದ ವಿವರಣೆಯನ್ನು ಬರೆಯುವವಳು ಸಂಘಮಿತ್ರ. ಮನುಷ್ಯರು ಓದದ ಬರಹಕ್ಕೆ ಸಂಬಳ ಕೊಡುತ್ತಾರೆಂದರೆ ಯಾವ ಅತ್ತೆ ತಾನೇ ನಂಬಿಯಾಳು?

ಈ ಸಲ ಅವಳು ಬರೆದದ್ದು ಇಷ್ಟು: ‘ಮೂವತ್ತು ದಿನ ಸಂಪರ್ಕಕ್ಕೆ ಬಾರದ ಸಾಧನವನ್ನು ಕೈಬಿಟ್ಟದ್ದೆಂದು ತಿಳಿ. ಅದು ಆಫ್ ಆಗಿದ್ದರೆ ಅಳಿಸುವ ಆದೇಶ ಕಾದಿರುತ್ತದೆ, ಆನ್ ಆದ ಕೂಡಲೇ ಜಾರಿಯಾಗುತ್ತದೆ. ತೆಗೆಯುವ ಮುನ್ನ ಅದು ಯಾರ ಹೆಸರಿನಲ್ಲಿದೆಯೋ ಅವರನ್ನು ಕೇಳು.’

ಕೊನೆಯ ವಾಕ್ಯ ಮ್ಯಾನೇಜರ್ ಮೋಹನ್‌ಗೆ ಹಿಡಿಸಲಿಲ್ಲ. “ಒಬ್ಬೊಬ್ರನ್ನೂ ಕೇಳ್ಕೊಂಡು ಕೂತ್ರೆ ಒಟ್ಟಿಗೆ ತೆಗ್ಯೋದು ಅಂತ ಯಾಕ್ರೀ ಅನ್ಬೇಕು? ತೆಗ್ದುಬುಡಿ ಅದನ್ನ.”

ತೆಗೆದಳು. ಜಗಳವಾಡುವಂಥ ವಿಷಯ ಎಂದು ಅನ್ನಿಸಲಿಲ್ಲ. ಪ್ರಯೋಗ ಮೊದಲು ಕಂಪನಿಯ ಸ್ವಂತ ಫೋನುಗಳ ಮೇಲೆ ಎಂದು ತೀರ್ಮಾನವಾಯಿತು.

ಅಷ್ಟಕ್ಕೂ ಆಗ ಅವಳ ತಲೆಯಲ್ಲಿ ತುಂಬಿದ್ದುದು ಗಗನಳ ಚಿಂತೆ. ಕೆಸರೆಯಿಂದ ಕಂಪನಿ ಬಸ್ಸಿನಲ್ಲಿ ಬರುವ, ಗ್ರಾಹಕರ ವಿಭಾಗದ ಹುಡುಗಿ. ಅವಳ ಮೇಲಧಿಕಾರಿ ಸುಂದರೇಶ ಆಫೀಸ್ ಫೋನಿಗೆ ಕರೆ ಮಾಡಿ ಆಡುತ್ತಿದ್ದ ಮಾತುಗಳನ್ನು ಬಾಯಲ್ಲಿ ಹೇಳಲೂ ಹೇಸಿಗೆ. ಗಗನ ಅವನ್ನೆಲ್ಲ ಅದೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳೋಣವೆಂದರೆ ಕಾವಲು ಸಾಫ್ಟ್‌ವೇರ್ ಬಿಡದು. ಕಂಪನಿಯ ಫೋನಿನಿಂದ ಏನೂ ಹೊರಗೆ ಹೋಗಬಾರದಲ್ಲ!

ಕಿರುಕುಳದ ದೂರು ವಿಚಾರಿಸುವ ಕಂಪನಿಯ ಸಮಿತಿಗೆ ಗಗನ ದೂರು ಕೊಟ್ಟ ದಿನ ಸಂಘಮಿತ್ರಳೇ ಬುದ್ಧಿ ಹೇಳಿದ್ದಳು. “ಆಫ್ ಮಾಡಿ ಬೀರುವಿನಲ್ಲಿಡು. ಇನ್ಮೇಲೆ ಮುಟ್ಟಲೇ ಬೇಡ ಕಣೇ. ಆಮೇಲೆ ನೀನೇ ಏನೋ ತಿದ್ದಿದೀಯ ಅಂದ್ಬುಡ್ತಾರೆ.”

“ಆಯ್ತಕ್ಕ” ಎಂದು ಗಗನ ಫೋನನ್ನು ತಾಯಿಯ ರೇಷ್ಮೆ ಸೀರೆಗಳ ಮಧ್ಯೆ ಇಟ್ಟಳು. ವಿಚಾರಣೆ ಮುಂದಕ್ಕೆ ಹೋಯಿತು. ಸಮಿತಿಯ ಒಬ್ಬರಿಗೆ ಜ್ವರ, ಇನ್ನೊಬ್ಬರ ಮನೆಯಲ್ಲಿ ಮದುವೆ. ಒಂದೂವರೆ ತಿಂಗಳು ಹೀಗೇ ಕಳೆಯಿತು. ಸುಂದರೇಶ ಮಾತ್ರ ದಿನವೂ ಅವಳ ಮೇಜಿನ ಮುಂದೆಯೇ ಹಾದು ಕಾಫಿ ಕುಡಿಯಲು ಹೋಗುತ್ತಿದ್ದ.

ಕೊನೆಗೂ ವಿಚಾರಣೆಯ ದಿನ ಬಂತು. ಸಮಿತಿಯ ಅಧ್ಯಕ್ಷೆ ಪ್ರೇಮಲೀಲಾ ನಡುವೆ ಕೂತಿದ್ದರು, ಒಂದು ಪಕ್ಕಕ್ಕೆ ಸುಂದರೇಶ, ಎದುರಿಗೆ ಗಗನ, ಅವಳಿಗೆ ಧೈರ್ಯಕ್ಕೆಂದು ಸಂಘಮಿತ್ರ. ಸುಂದರೇಶ ಎಲ್ಲವನ್ನೂ ಅಲ್ಲಗಳೆದ. “ನನ್ನ ತಂಗಿ ಹಾಗೆ ನೋಡ್ಕೊಂಡಿದ್ದೆ ಮೇಡಂ” ಎಂದ. ಎಂಥ ನಾಲಿಗೆ ಅವನದು!

“ರೆಕಾರ್ಡಿಂಗ್ ಇದೆ ಅಂದ್ರಲ್ಲ, ಕೇಳಿಸಿ” ಎಂದರು ಪ್ರೇಮಲೀಲಾ.

ಗಗನ ಚೀಲದಿಂದ ಫೋನು ತೆಗೆದು ಆನ್ ಮಾಡಿದಳು. ಎಷ್ಟೋ ದಿನಗಳ ಬಳಿಕ ಅವಳ ಮುಖದಲ್ಲಿ ಒಂದಿಷ್ಟು ಗೆಲುವಿತ್ತು. ಕಂಪನಿಯ ಗುರುತು ಬಂತು, ಸಿಗ್ನಲ್ ಬಂತು. ಆಮೇಲೆ ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ ಬೆಳೆಯತೊಡಗಿತು.

ಅದು ಅಳಿಸುವ ಗೆರೆ ಎಂದು ಸಂಘಮಿತ್ರಳಿಗೆ ನೋಡಿದ ಕೂಡಲೇ ಗೊತ್ತಾಯಿತು. ವಿವರಣೆ ಬರೆಯುವಾಗ ಅವಳ ಕಣ್ಣ ಮುಂದಿದ್ದುದು ಆಟೋದಲ್ಲಿ ಬಿಟ್ಟುಹೋದ ಫೋನುಗಳು, ಸೀರೆ ಮಡಿಕೆಯಲ್ಲಿ ಜೋಪಾನ ಮಾಡಿದ ಫೋನಲ್ಲ. ಅವಳು ಎದ್ದು ಅದನ್ನು ಕಿತ್ತುಕೊಂಡು ಗುಂಡಿ ಅದುಮಿ ಹಿಡಿದಳು. ಗೆರೆ ನಿಲ್ಲಲಿಲ್ಲ. ಹೊಚ್ಚ ಹೊಸದರ ಹಾಗೆ ಫೋನು ನಮಸ್ಕಾರ ಹೇಳಿ, ಯಾವ ಭಾಷೆ ಬೇಕೆಂದು ಕೇಳಿತು.

“ಅಕ್ಕ, ಇದೇನಕ್ಕ?” ಎಂದಳು ಗಗನ.

ಸಂಘಮಿತ್ರ ತೊದಲುತ್ತ ಎಲ್ಲ ಹೇಳಿದಳು. ಏಜೆಂಟ್ ಯಾವಾಗಲೋ ಆದೇಶ ಕೊಟ್ಟಿತ್ತು, ಅದು ಕಾದಿತ್ತು, ಈಗ ಜಾರಿಯಾಯಿತು.

“ಏಜೆಂಟ್‌ಗೆ ಹಾಗೆ ಮಾಡು ಅಂತ ಹೇಳಿದ್ಯಾರು?” ಎಂದರು ಪ್ರೇಮಲೀಲಾ.

“ವಿವರಣೆ ನಂದೇ ಮೇಡಂ.”

ಪ್ರೇಮಲೀಲಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕೆಟ್ಟ ಹೆಂಗಸಲ್ಲ ಆಕೆ, ಆದರೆ ಕಿವಿಗೆ ಕೇಳದ್ದನ್ನು ತೀರ್ಪಿಗೆ ತರುವಂತಿರಲಿಲ್ಲ. ಸಾಕ್ಷ್ಯವಿಲ್ಲ ಎಂದು ಬರೆಸಿದರು. ಸುಳ್ಳು ದೂರು ಕೊಟ್ಟದ್ದಕ್ಕೆ ಕ್ರಮ ಬೇಕೇ ಎಂದು ಕಂಪನಿಯ ನಿಯಮದ ಪ್ರಕಾರ ಸುಂದರೇಶನನ್ನು ಕೇಳಬೇಕಿತ್ತು, ಕೇಳಿದರು.

ಅವನು ತನ್ನ ಮುಂದಿದ್ದ ನೀರಿನ ಲೋಟವನ್ನು ಗಗನಳ ಕಡೆ ಮೆಲ್ಲಗೆ ಸರಿಸಿದ. “ಛೇ, ಬೇಡ ಮೇಡಂ. ಚಿಕ್ಕ ಹುಡುಗಿ, ಏನೋ ತಪ್ಪು ತಿಳ್ಕೊಂಡಿದಾಳೆ. ನಾಳೆಯಿಂದ ನನ್ನ ಕೈಕೆಳಗೇ ಕೆಲ್ಸ ಮಾಡ್ಕೊಂಡಿರ್ಲಿ.”

ಪ್ರೇಮಲೀಲಾಗೆ ನಿಜಕ್ಕೂ ಸಮಾಧಾನವಾಯಿತು. ಹುಡುಗಿಯ ಕೆಲಸ ಉಳಿಯಿತಲ್ಲ ಎಂದುಕೊಂಡರು.

“ಸಾರ್‌ಗೆ ಒಂದು ಥ್ಯಾಂಕ್ಸ್ ಹೇಳಮ್ಮ” ಎಂದರು.

ಗಗನ ಎದ್ದು ನಿಂತು ಹೇಳಿದಳು.