ಖೂನ ಅಂದರೆ ಗುರುತು

ಉಜ್ವಲಾ ಬೀದರಿನ ಹೋಟೆಲಿಗೆ ನುಗ್ಗಿದಾಗ ಆ ಅಮಿತಕುಮಾರ ಆರಾಮಾಗಿ ಉಪ್ಪಿಟ್ಟು ತಿನ್ನುತ್ತಿದ್ದ. ಒಂದು ಊರಿಗೆ ಊರೇ ಕೆಡಿಸಿ ಬಂದವನ ಗಂಟಲಲ್ಲಿ ಉಪ್ಪಿಟ್ಟು ಅದು ಹೇಗೆ ಇಳಿಯುತ್ತದೋ! ದಿಲ್ಲಿಯವನು, ಹೊರದೇಶದ ಸುದ್ದಿ ಸಂಸ್ಥೆಯೊಂದರ ವರದಿಗಾರ. ಅವಳು ಎದುರಿನ ಕುರ್ಚಿ ಎಳೆದು ಕೂತಳು.

"ನಾನು ಭಾಲ್ಕಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ," ಎಂದಳು ಹಿಂದಿಯಲ್ಲಿ. "ಚಿಂತಾಕಿಯ ಕೌಸಲ್ಯಾಬಾಯಿಯ ಮಗಳು. ನೀವು ಜಗತ್ತಿಗೆಲ್ಲ ಕೊಲೆಗಡುಕಿ ಅಂತ ತೋರಿಸಿದಿರಲ್ಲ, ಅವಳೇ ನನ್ನ ತಾಯಿ."

ಆದದ್ದು ಇಷ್ಟು. ಔರಾದ ತಾಲೂಕಿನ ಚಿಂತಾಕಿಯಲ್ಲಿ ವೈರು ಸುಟ್ಟು ಅಯ್ಯುಬನ ಕಿರಾಣಿ ಅಂಗಡಿಗೆ ಬೆಂಕಿ ಹತ್ತಿತು. ಕೊಡ ಹಿಡಿದು ಮೊದಲು ಓಡಿದವಳು ಪಕ್ಕದ ಮನೆಯ ಕೌಸಲ್ಯಾಬಾಯಿ. ಮರುದಿನ ಈ ಅಮಿತಕುಮಾರ ಬಂದು, ಅಯ್ಯುಬ ನಿಮಗೆ ಗೊತ್ತೇ ಎಂದು ಮೈಕು ಹಿಡಿದ. ಇದೆಂಥ ಪ್ರಶ್ನೆ ಎಂದು ಆಕೆಗೆ ಸಿಟ್ಟೇ ಬಂತು. ಎದೆ ತಟ್ಟಿಕೊಂಡು ಅಂದಳು: "ಅಯ್ಯುಬನ ಖೂನ ನಮಗದ! ಊರಿಗೆಲ್ಲ ಅದ!"

ಈ ಕಡೆ ಖೂನ ಅಂದರೆ ಗುರುತು, ಪರಿಚಯ. ದಿಲ್ಲಿಯಲ್ಲಿ ಕೂತು ತರ್ಜುಮೆ ಮಾಡಿದವನಿಗೆ ಅದು ಹಿಂದಿಯ ಖೂನ್ ಆಗಿ ಕೇಳಿಸಿತು, ಅಂದರೆ ರಕ್ತ. 'ಅಯ್ಯುಬನ ರಕ್ತ ನಮಗೆ ಬೇಕು, ಊರಿಗೆಲ್ಲ ಬೇಕು' ಎಂದು ಆಕೆಯ ಮುಖದ ಕೆಳಗೆ ಬರೆದುಬಿಟ್ಟರು. ಆ 'ಬೇಕು' ಎಲ್ಲಿಂದ ಬಂತು? ಆಕೆ ಅಂದೇ ಇರಲಿಲ್ಲ. ಬೇಕಾಗಿದ್ದದ್ದು ಇವರಿಗೆ! ಆಮೇಲೆ ದೇಶದೇಶದ ಚಾನೆಲ್ಲುಗಳು ಅದನ್ನೇ ಎತ್ತಿಕೊಂಡವು. ಅದೇ ಚಿತ್ರ, ಅದೇ ತಲೆಬರಹ: ದ್ವೇಷದ ಹಳ್ಳಿ. ಎಲ್ಲರೂ ಒಂದೇ ಬಾಯಲ್ಲಿ ಉಗುಳಿದರು. ಒಬ್ಬನಾದರೂ ಚಿಂತಾಕಿಗೆ ಫೋನು ಮಾಡಿ ಕೇಳಲಿಲ್ಲ.

ಅಯ್ಯುಬನ ಮಗ ಉಮೇರ ಹೈದರಾಬಾದಿನಲ್ಲಿ ಅಜ್ಜಿಯ ಹತ್ತಿರ ಬೆಳೆದವನು, ಕನ್ನಡ ಅಷ್ಟಕ್ಕಷ್ಟೇ. ಈಗ ಬೀದರಿನ ಚಿದ್ರಿಯಲ್ಲಿ ಮನೆ ಮಾಡಿದ್ದಾನೆ. ಫೋನಿನಲ್ಲಿ ಅದನ್ನು ನೋಡಿದವನೇ ತಂದೆಯನ್ನು ಕರೆದೊಯ್ಯಲು ಟೆಂಪೊ ತಗೊಂಡು ಹೊರಟ. ಅಯ್ಯುಬ ಉಜ್ವಲಾಳಿಗೆ ಒಂದೇ ಮಾತು ಅಂದಿದ್ದ: "ಬರ್ದವನೇ ಬಂದು ತಪ್ಪಾಗ್ಯದ ಅನ್ಲಿ, ನಾ ಎಲ್ಲೀ ಹೋಗಂಗಿಲ್ಲ."

ಅದಕ್ಕೇ ಉಜ್ವಲಾ ಇಲ್ಲಿಗೆ ಬಂದದ್ದು. ಎಲ್ಲವನ್ನೂ ಹೇಳಿದಳು. ಅಮಿತಕುಮಾರ ಕೈ ತೊಳೆದು ತಟ್ಟನೆ ಎದ್ದ. "ನಡೆಯಿರಿ, ಬರುತ್ತೇನೆ."

ಪಾಪ, ಇವನಿಗೂ ಮನಸ್ಸಿದೆ ಅಂದುಕೊಂಡಳು ಹುಚ್ಚಿ. ಕ್ಯಾಮೆರಾದವನೂ ಜೀಪು ಹತ್ತಿದ.

ಚಿಂತಾಕಿ ಮುಟ್ಟಿದಾಗ ಟೆಂಪೊದಲ್ಲಿ ಮಂಚ, ಪೆಟ್ಟಿಗೆ ಎಲ್ಲ ಏರಿದ್ದವು. ಉಮೇರ ಅಮಿತಕುಮಾರನನ್ನೇ ನೇರವಾಗಿ ಕೇಳಿದ: "ಆಕೆ ರಕ್ತ ಅಂದಳೋ ಇಲ್ಲವೋ?"

"ತಿದ್ದುವುದು ನನ್ನ ಕೈಲಿಲ್ಲ," ಎಂದ ಅಮಿತಕುಮಾರ. "ಮೇಲಿನವರು ನೋಡಬೇಕು. ಎಲ್ಲರೂ ಹಾಕಿಬಿಟ್ಟಿದ್ದಾರೆ."

"ಅರ್ಥ ಏನು ಅಂತ ನಾನು ಹೇಳಿದೆನಲ್ಲ!" ಎಂದು ಉಜ್ವಲಾ ಕೂಗಿದಳು.

"ನೀವು ಆಕೆಯ ಮಗಳು. ಹೇಗೆ ನಂಬಲಿ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವನ ಕಪಾಳಕ್ಕೆ ಬಾರಿಸಲು ಕೈ ತುರಿಸಿತು.

"ಕೇಳಿದಿರಾ ಅಬ್ಬಾ?" ಎಂದು ಉಮೇರ ದಖನಿ ಉರ್ದುವಿನಲ್ಲಿ ಒದರಿದ. "ದುನಿಯಾ ಎಲ್ಲ ಸುಳ್ಳು, ಈ ತಾಯಿ ಮಗಳೇ ಖರೆ!"

ಅಯ್ಯುಬ ಕೌಸಲ್ಯಾಬಾಯಿಯ ಕಡೆ ತಿರುಗಿದ. "ನೀ ಏನಂದಿ ಅಂತ ನನಗ ಗೊತ್ತದ ಬಾಯಿ. ಆದ್ರ ನಾಳಿ ಹೊರಗಿನವ ಯಾವನರ ಬಂದು ಇವರು ಬರ್ದಿದ್ದು ಖರೆ ಮಾಡಿದ್ರ?" ಎಂದು ಟೆಂಪೊ ಹತ್ತಿ ಮಗನ ಬಾಜೂ ಕೂತ.

ಕೌಸಲ್ಯಾಬಾಯಿ ಓಡಿ ಹೋಗಿ ಟೆಂಪೊದ ಮುಂದೆ ಎರಡೂ ಕೈ ಚಾಚಿ ನಿಂತಳು. ಸೆರಗು ಜಾರಿತ್ತು, ದನಿ ಒಡೆದಿತ್ತು. "ನನ್ನ ಮ್ಯಾಲಿಂದ ಗಾಡಿ ಹಾಯಿಸ್ಕೊಂಡ ಹೋಗ್ರಿ! ಬಿಡಂಗಿಲ್ಲ ಅಂದ್ರ ಬಿಡಂಗಿಲ್ಲ!"

ಕ್ಯಾಮೆರಾದವನು ಮಣ್ಣಲ್ಲಿ ಮೊಣಕಾಲೂರಿ ಕೂತು ಅದನ್ನೆಲ್ಲ ಚಿತ್ರ ಹಿಡಿಯುತ್ತಿದ್ದ. ಅಮಿತಕುಮಾರ ಯಾಕೆ ಅಷ್ಟು ಬೇಗ ಎದ್ದು ಬಂದನೆಂದು ಉಜ್ವಲಾಳಿಗೆ ಆಗ ಹೊಳೆಯಿತು.

"ಬಂದ್ ಮಾಡೋ ಅದನ್ನ, ಭಾಡ್ಯಾ!" ಎಂದು ಅವಳು ಹಾಯ್ದು ಹೋಗುವಷ್ಟರಲ್ಲಿ ಉಮೇರ ಗಾಡಿಯನ್ನು ಬದಿಗೆ ತಿರುವಿ, ಕೌಸಲ್ಯಾಬಾಯಿಯ ಪಕ್ಕದಿಂದಲೇ ತೂರಿಸಿಕೊಂಡು ಹೋದ.

ಸಂಜೆ ಅದೇ ಚಾನೆಲ್ಲುಗಳು, ಟೆಂಪೊದ ಮುಂದೆ ಚಾಚಿದ ಅದೇ ಕೈಗಳು. 'ಜೀವ ಉಳಿಸಿಕೊಂಡು ಓಡುವವರಿಗೂ ದಾರಿ ಇಲ್ಲ.' ಈ ಸಲ ತರ್ಜುಮೆ ಒಂದಕ್ಷರವೂ ತಪ್ಪಿರಲಿಲ್ಲ: ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ.

"ಏನಂತ ಹಾಕ್ಯಾರ?" ಎಂದು ಕೌಸಲ್ಯಾಬಾಯಿ ಕೇಳಿದಳು. ಉಜ್ವಲಾ ಓದಿ ಹೇಳಿದಳು.

"ಹಾಕ್ಲಿ, ಅವರ ಬಾಯಿಗಿಷ್ಟು ಮಣ್ಣು ಹಾಕ. ಅಯ್ಯುಬ ಗಾಡ್ಯಾಗೇ ಕುಂತಿದ್ದ, ಕಣ್ಣಾರೆ ನೋಡ್ಯಾನ. ಅವಗರ ಗೊತ್ತದಲ್ಲ?"

"ಹೂಂ ಅವ್ವಾ, ಗೊತ್ತದ," ಎಂದಳು ಉಜ್ವಲಾ.

ಟೆಂಪೊ ಅವ್ವನ ಪಕ್ಕ ಹಾಯುವಾಗ ಅಯ್ಯುಬ ಗಡಿಬಿಡಿಯಿಂದ ಕಿಟಕಿಯ ಗಾಜು ಏರಿಸಿಕೊಂಡದ್ದನ್ನು ಅವಳು ನೋಡಿದ್ದಳು.