ಕೊಟ್ಟಿಗೆಯ ಕಂದು, ಸೊಸೆಯ ಕಾಲ್ಗುಣ

ಬೆಸಗರಹಳ್ಳಿಯ ಕರಿಯಪ್ಪನ ಮನೆಗೆ ಹೊಳಲು ಊರಿನಿಂದ ಸೊಸೆಯಾಗಿ ಬಂದ ಮಲ್ಲಿಗಮ್ಮನ ಜೊತೆಯಲ್ಲಿ ಒಂದು ಕೆಂಪು ಹಸುವೂ ಬಂತು. ಮಗಳ ಮನೆಯಲ್ಲಿ ಹಾಲಿಗೆ ಕೊರತೆಯಾಗಬಾರದೆಂದು ಅವಳಪ್ಪ ಸಂತೆಯಲ್ಲಿ ಹುಡುಕಿ ಕೊಂಡು ಬಳುವಳಿಯಾಗಿ ಕೊಟ್ಟ ಗಬ್ಬದ ಹಸು ಅದು. ಯುದ್ಧದ ಕಾಲ, ಸೀಮೆಎಣ್ಣೆಗೂ ಬಟ್ಟೆಗೂ ಜನ ಒದ್ದಾಡುತ್ತಿದ್ದರು. ಆದರೂ ಆ ಮನೆಯಲ್ಲಿ ಮೊಸರು ಕಡೆಯುವ ಸದ್ದಿನಿಂದಲೇ ಬೆಳಗಾಗುತ್ತಿತ್ತು. ಅತ್ತೆ ಸಣ್ಣತಾಯಮ್ಮ ಬೆಣ್ಣೆ ತೆಗೆಯುವಳು, ಸೊಸೆ ಕೊಟ್ಟಿಗೆ ಬಳಿಯುವಳು. ಗಂಡ ಸಿದ್ದರಾಮು ಗದ್ದೆಗೆ ಹೊರಡುವ ಮುಂಚೆ ಏನೋ ನೆಪ ಮಾಡಿಕೊಂಡು ಕೊಟ್ಟಿಗೆಯ ಕಡೆ ಒಂದು ಸಲ ಬಂದು ಹೋಗುವನು.

ಒಂದು ಮುಂಜಾನೆ ಕೆಂಪು ಹಸು ದಿನ ತುಂಬುವ ಮೊದಲೇ ಕಂದು ಹಾಕಿತು. ಸತ್ತ ಕರುವಿಗೆ ಇನ್ನೂ ರೋಮ ಬಂದಿರಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ಸಣ್ಣತಾಯಮ್ಮ ದೃಷ್ಟಿ ತೆಗೆದಳು. ಹಾಲು ಹೆಚ್ಚಲೆಂದು ಊರವರೆಲ್ಲ ಮಾಡುವಂತೆ, ಕರುವಿನ ಹಿಂದೆ ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಕೆರೆಯ ಬಳಿಯ ಆಲದ ಮರಕ್ಕೆ ಕಟ್ಟಿಸಿದಳು. ಅದು ಕಳಚಿ ಬಿದ್ದಾಗ ನಾಯಿಗಳು ಎಳೆದು ತಂದು ಕೊಟ್ಟಿಗೆಯ ಮೇವಿನ ಮೇಲೆಲ್ಲ ಹರಡಿದವು.

ಸ್ವಲ್ಪ ದಿನಕ್ಕೆ ಪಕ್ಕದ ಗೊಂತಿನಲ್ಲಿ ಕಟ್ಟಿದ್ದ ಹಸು ಕಂದು ಹಾಕಿತು. ಆಮೇಲೆ ಅದರ ಪಕ್ಕದ್ದು. ಆಗ ಮನೆಯವರ ನೋಟ ಹಸುವನ್ನು ಬಿಟ್ಟು ಸೊಸೆಯ ಪಾದದ ಮೇಲೆ ಬಿತ್ತು.

“ಇವ್ಳು ಒಸ್ಲು ತುಳ್ದ ಗಳಿಗೇನೇ ಕೆಟ್ದು. ಕಾಲ್ಗುಣ ಕಣಮ್ಮ, ಇನ್ನೇನು?” ಎಂದು ಸಣ್ಣತಾಯಮ್ಮ ಬೀದಿಗೆ ಕೇಳುವಂತೆ ಹೇಳಿದಳು.

ಅಂದಿನಿಂದ ಮಲ್ಲಿಗಮ್ಮ ಕೊಟ್ಟಿಗೆಗೆ ಕಾಲಿಡುವಂತಿರಲಿಲ್ಲ. ಉಳುವ ಎತ್ತುಗಳು ಹೊರಡುವಾಗ ಎದುರು ಬರುವಂತಿರಲಿಲ್ಲ. ಗಬ್ಬದ ಹಸುವಿದ್ದ ಮನೆಯವರು ಅವಳು ಬಾವಿಯಿಂದ ಹಿಂದಿರುಗುವ ತನಕ ಬಾಗಿಲು ತೆಗೆಯುತ್ತಿರಲಿಲ್ಲ. ಸಿದ್ದರಾಮು ಎಲ್ಲವನ್ನೂ ನೋಡಿಯೂ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಕಡೆಗೆ ಕರಿಯಪ್ಪ ಇವಳನ್ನು ತವರಿಗೆ ಕಳಿಸಿ, ಮಗನಿಗೆ ಬೇರೆ ಹೆಣ್ಣು ತರುವುದೆಂದು ತೀರ್ಮಾನ ಮಾಡಿದ.

ಆ ವಾರದಲ್ಲೇ ಮದ್ದೂರಿನ ದನದ ಡಾಕ್ಟರು ಅಫ್ಸರ್ ಪಾಷಾ ದನಗಳಿಗೆ ಬರುವ ದೊಡ್ಡರೋಗದ ಸೂಜಿ ಹಾಕಲು ಊರಿಗೆ ಬಂದರು. ರಾಸುಗಳನ್ನೆಲ್ಲ ಹೊಂಗೆಮರದ ಕೆಳಗೆ ಕಟ್ಟಿದ್ದರು. ಹೆಂಗಸರು ಯಾರೂ ಅತ್ತ ಸುಳಿದಿರಲಿಲ್ಲ. ಮಲ್ಲಿಗಮ್ಮ ಸೆರಗು ಹೊದ್ದು, ಗಂಡಸರ ನಡುವೆಯೇ ನಡೆದು ಬಂದು ಅವರ ಮುಂದೆ ನಿಂತಳು.

“ಸ್ವಾಮಿ, ದನ ಕಂದಾಕೋ ರೋಗ ಅಂತ ಒಂದೈತಾ?”

ಡಾಕ್ಟರ ಕೈ ಅಲ್ಲೇ ನಿಂತಿತು. ಯಾಕೆ ಕೇಳಿದಿರಿ ಎಂದರು. ಅವಳು ತನ್ನನ್ನು ತವರಿಗೆ ಕಳಿಸುವ ಮಾತನ್ನೂ ತಾನು ಕಂಡದ್ದನ್ನೂ ಎಲ್ಲ ಹೇಳಿದಳು. ರೋಗ ಗೊಂತಿನ ಸಾಲು ಹಿಡಿದು ನಡೆದಿತ್ತು. ಕಂದು ಬಿದ್ದ ಜಾಗವನ್ನು ನೆಕ್ಕಿದ ಹಸುವೇ ಮುಂದೆ ಕಂದು ಹಾಕಿತ್ತು. ದೂರದ ಮೂಲೆಯಲ್ಲಿ ಒಂಟಿಯಾಗಿ ಕಟ್ಟಿದ್ದ ಕರಿ ಹಸುವಿನ ಗಬ್ಬ ಮಾತ್ರ ಇನ್ನೂ ನಿಂತಿತ್ತು. ಕೇಳುತ್ತ ಕೇಳುತ್ತ ಅಫ್ಸರ್ ಪಾಷಾ ಅವರ ಕಣ್ಣು ಅರಳಿತು. ನಾಡಿದ್ದು ಬೇಕಾದ ಔಷಧಿ ತರುತ್ತೇನೆ, ಅಲ್ಲಿಯವರೆಗೆ ಯಾರನ್ನೂ ಎಲ್ಲಿಗೂ ಕಳಿಸಬೇಡಿ ಎಂದು ಕರಿಯಪ್ಪನಿಗೆ ಹೇಳಿದರು. ಸರ್ಕಾರದ ಮನುಷ್ಯನ ಮಾತೆಂದು ಅವನು ಗೊಣಗುತ್ತಲೇ ಒಪ್ಪಿದ.

ಹೇಳಿದ ದಿನ ಕರಿಯಪ್ಪನ ಜಗಲಿಯ ಸುತ್ತ ಊರೇ ನೆರೆಯಿತು. ಡಾಕ್ಟರು ಬೆಳಿಗ್ಗೆಯೇ ಹಸುಗಳ ಕೊರಳಿನಿಂದ ರಕ್ತ ತೆಗೆದು ಬೇರೆ ಬೇರೆ ಗಾಜಿನ ಕೊಳವೆಗಳಲ್ಲಿ ಇಟ್ಟಿದ್ದರು. ರಕ್ತ ಹೆಪ್ಪುಗಟ್ಟಿ ಮೇಲೆ ತಿಳಿ ನಿಂತಿತ್ತು. ಅವರು ಬಿಳಿ ಮಬ್ಬಿನ ಒಂದು ಸೀಸೆಯನ್ನು ಎತ್ತಿ ತೋರಿಸಿದರು. ಕಂದು ಹಾಕಿಸುವ ರೋಗಾಣುಗಳನ್ನು ಕೊಂದು ಇದರಲ್ಲಿ ಕದಡಿದೆ, ಹಸುವಿಗೆ ಆ ರೋಗ ಹತ್ತಿದ್ದರೆ ಅದರ ರಕ್ತದ ತಿಳಿ ಇವನ್ನು ಗುರುತು ಹಿಡಿದು ಒಟ್ಟುಗೂಡಿಸುತ್ತದೆ, ಒಡೆದ ಹಾಲಿನಂತೆ ಕಾಣುತ್ತದೆ ಎಂದು ತಿಳಿಸಿ ಹೇಳಿದರು.

“ಮೊದ್ಲು ನನ್ ಅಸೀಂದೇ ನೋಡಿ” ಎಂದಳು ಮಲ್ಲಿಗಮ್ಮ.

ಗಾಜಿನ ಹಲಗೆಯ ಮೇಲೆ ತಿಳಿಯ ತೊಟ್ಟು ಬಿತ್ತು, ಅದರ ಮೇಲೆ ಔಷಧಿಯ ತೊಟ್ಟು ಬಿತ್ತು. ಡಾಕ್ಟರು ಕಡ್ಡಿಯಿಂದ ಕಲಸಿ ಹಲಗೆಯನ್ನು ಮೆಲ್ಲಗೆ ಓಲಾಡಿಸಿದರು. ಜನ ಬಗ್ಗಿ ನೋಡಿದರು. ಮಬ್ಬು ಚೂರು ಚೂರಾಗಿ ಒಡೆಯಿತು. ಬಿಳಿಯ ಗರಣೆಗಳು ತೇಲಿದವು.

“ನಾನೇಳಿದ್ದೇ ದಿಟ ಆಯ್ತಲ್ಲ” ಎಂದ ಕರಿಯಪ್ಪ. “ಇವಳ ಜೊತೇಲೇ ಬಂದದೆ.”

ಡಾಕ್ಟರು ಉಳಿದ ಹಸುಗಳದನ್ನೂ ನೋಡಿದರು. ಕಂದು ಹಾಕಿದ ಹಸುಗಳ ತೊಟ್ಟುಗಳೆಲ್ಲ ಒಡೆದವು. ಕರಿ ಹಸುವಿನದು ಮಾತ್ರ ಎಷ್ಟು ಓಲಾಡಿಸಿದರೂ ಹಾಗೆಯೇ ನುಣ್ಣಗೆ ಉಳಿಯಿತು. ಗುಂಪಿನಲ್ಲಿ ಗುಜುಗುಜು ಎದ್ದಿತು. ಮಲ್ಲಿಗಮ್ಮ ತಲೆ ಎತ್ತಿದಳು.

“ನನ್ ಅಸಿನ ಜೊತೇಲಿ ಬಂತು ಅನ್ನಿ, ಒಪ್ಕತೀನಿ ಮಾವ. ನನ್ ಕಾಲಲ್ಲಿ ಬಂತು ಅಂದ್ರೆ ಒಪ್ಪಾಕಿಲ್ಲ. ಕೊಟ್ಗೆ ಬುಡ್ಸೋಗಂಟ ಆ ಕರಿ ಅಸಿಗೆ ದಿನಾ ನೀರಿಟ್ಟೋಳೂ ನಾನೇ.”

ಡಾಕ್ಟರು ಹುರುಪಿನಿಂದಲೇ ಮುಂದಿನ ಕ್ರಮ ಹೇಳಿದರು. ರೋಗದ ಹಸುಗಳನ್ನು ಬೇರೆ ಕಟ್ಟಬೇಕು, ಕಂದನ್ನೂ ಮಾಸನ್ನೂ ಮರಕ್ಕೆ ಕಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು, ಇದು ಮನುಷ್ಯರಿಗೂ ಹತ್ತುವುದರಿಂದ ಹಾಲನ್ನು ಚೆನ್ನಾಗಿ ಕಾಯಿಸಬೇಕು.

ಸೊಸೆಯನ್ನು ಕಳಿಸುವ ಮಾತು ಅಲ್ಲಿಗೆ ನಿಂತಿತು. ಆದರೆ ಸಂತೆಯ ದಿನ ಬೆಳಿಗ್ಗೆ ಕರಿಯಪ್ಪ ಸದ್ದಿಲ್ಲದೆ ಕೆಂಪು ಹಸುವಿನ ಹಗ್ಗ ಬಿಚ್ಚಿದ. ಎಲ್ಲಾದರೂ ಮಾರಿ ಕೈ ತೊಳೆದುಕೊಳ್ಳುವುದು ಅವನ ಯೋಚನೆ. ಮಲ್ಲಿಗಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಇದ್ನ ಕೊಂಡೋರ ಮನೇಲೂ ಒಬ್ಳು ಸೊಸೆ ಇರ್ತಾಳೆ ಮಾವ. ನಾಳೀಕೆ ಅವಳ ಕಾಲ್ಗುಣ ಅಂತಾರೆ. ನಾನು ಬುಡಾಕಿಲ್ಲ.”

ಕರಿಯಪ್ಪ ಗದರಿದ. ಅವಳು ಕದಲಲಿಲ್ಲ. ಆಗ ಒಳಗಿನಿಂದ ಸಣ್ಣತಾಯಮ್ಮ ಬಂದು ಗಂಡನ ಮುಂದೆ ನಿಂತಳು.

“ನಾನ್ ಬಂದ ವರ್ಸ ಈ ಮನೆ ಜೋಡಿ ಎತ್ತು ಸತ್ತೋದೊ. ಆಮ್ಯಾಕೆ ಬೋ ದಿನ ನನ್ನ ಯಾರೂವೆ ಎಸ್ರಿಡ್ದು ಕೂಗ್ನಿಲ್ಲ. ನನ್ ಕಾಲ್ಗುಣ ಅಂದ್ರು, ನಾನೂ ದಿಟ ಅಂತ್ಲೇ ನಂಬ್ಕಂಡಿದ್ದೆ. ಅಸನ ಕಟ್ಟಿ.”

ಕರಿಯಪ್ಪನ ಕೈ ಸಡಿಲವಾಯಿತು. ಅಷ್ಟು ದಿನ ಬಾಯಿ ಬಿಡದ ಸಿದ್ದರಾಮು ಅಪ್ಪನ ಕೈಯಿಂದ ಹಗ್ಗ ತೆಗೆದುಕೊಂಡು, ಹೊಲದ ಅಂಚಿಗೆ ಬೇರೆ ಚಪ್ಪರ ಹಾಕಿ ಹಸುವನ್ನು ಅಲ್ಲಿ ಕಟ್ಟಿದ.

ಕರಿ ಹಸು ದಿನ ತುಂಬಿ ಈಯಿತು. ಒದ್ದೆ ಕರು ನಡುಗುವ ಕಾಲಿನ ಮೇಲೆ ಎದ್ದು ನಿಂತದ್ದನ್ನು ನೋಡಲು ಮನೆಯವರೆಲ್ಲ ಕೊಟ್ಟಿಗೆಯಲ್ಲಿ ಕೂಡಿದ್ದಾಗ, ಹೊಸ ಮುಖದ ಹುಡುಗಿಯೊಬ್ಬಳು ಬಾಗಿಲಲ್ಲಿ ಕಾಣಿಸಿಕೊಂಡಳು. ಆತಗೂರಿನ ಸೊಸೆಯಂತೆ, ಚಿಕ್ಕಮಾದಮ್ಮ ಎಂದು ಹೆಸರು. ಯಾರಿಗೂ ಹೇಳದೆ ನಡೆದೇ ಬಂದಿದ್ದಳು.

“ನಮ್ ಕೊಟ್ಗೇಲೂ ಕಂದಾಕ್ತಾವೆ ಅಕ್ಕ. ನನ್ನ ತೌರಿಗೆ ಅಟ್ತಾರಂತೆ. ಆ ಡಾಕ್ಟ್ರು ಎಲ್ಲವ್ರೆ?”

ಮಲ್ಲಿಗಮ್ಮ ಅತ್ತೆಯ ಮುಖ ನೋಡಿದಳು. ಓಗ್ಬಾ ಎಂದು ಸಣ್ಣತಾಯಮ್ಮ ಕೈಯಲ್ಲೇ ಸನ್ನೆ ಮಾಡಿದಳು. ಮಲ್ಲಿಗಮ್ಮ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಹುಡುಗಿಯ ಕೈ ಹಿಡಿದುಕೊಂಡು ಮದ್ದೂರಿನ ದಾರಿಯಲ್ಲಿ ಬಿರುಸಾಗಿ ಹೆಜ್ಜೆ ಹಾಕಿದಳು.