ಸೈರನ್ನಿನ ಗಡಿಯಾರ

"ಯಾವ್ದು ಹಾಕ್ಲಿ ಹೇಳ್ರಿ ಕಾಕಾ? ಜಲ್ದಿ ಹೇಳ್ರಿ," ಎಂದಳು ಯಶೋಧರಾ.

ಭೀಮರಾಯನಗುಡಿ ಹತ್ತಿರದ ಕಾಲುವೆ ಕಂಟ್ರೋಲ್ ರೂಮಿನಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ಗೇಟು ಎತ್ತಿ ನೀರು ಬಿಡುವ ಮರಿಲಿಂಗಪ್ಪ ಗೋಡೆಗೆ ಒರಗಿ ಕೂತಿದ್ದ. ಸಣ್ಣ ಮಾತಿಗೂ ಕುರ್ಚಿ ಒದೆಯುತ್ತಿದ್ದ ಮನುಷ್ಯ ಎಂಟು ದಿನದಿಂದ ಕಲ್ಲಾಗಿದ್ದ. ಉಣ್ಣು ಎಂದರೆ ಉಣ್ಣುತ್ತಿದ್ದ. ಏನು ಉಂಡೆ ಎಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ.

ಎಂಟು ದಿನದ ಹಿಂದೆ ಗೋಗಿ ಊರಿನ ಮುದುಕಮ್ಮ ಹೊದೆಯುವ ಕೌದಿ ತೊಳೆಯಲು ಕಾಲುವೆಗೆ ಇಳಿದಿದ್ದಳು. ನೀರು ಬಂತು. ಹೆಣ ಸಿಕ್ಕಿತು, ಕೌದಿ ಸಿಗಲಿಲ್ಲ. ಸೈರನ್ ಬಾರಿಸಿ ಹತ್ತು ನಿಮಿಷ ಬಿಟ್ಟು ಗೇಟು ಎತ್ತಬೇಕೆಂಬುದು ನಿಯಮ. ಗೇಟು ಎತ್ತಿದ ಹೊತ್ತು ಎಂದು ಗೇಟಿನ ಕಂಪ್ಯೂಟರಿನಲ್ಲಿ ದಾಖಲಾದದ್ದು ಹತ್ತು ಗಂಟೆ ಎರಡು ನಿಮಿಷ. ಸೈರನ್ನಿನದು ದೂರದ ದಂಡೆಯಲ್ಲಿ, ಕಂಬಕ್ಕೆ ಬಡಿದ ಡಬ್ಬಿಯೊಳಗಿನ ಕಂಪ್ಯೂಟರು. ಅದರಲ್ಲಿ ಹತ್ತು ಗಂಟೆ ಆರು ನಿಮಿಷ. ಅಂದರೆ ಮೊದಲು ನೀರು, ಆಮೇಲೆ ಸೈರನ್. ಸಾಹೇಬರು ನೋಟೀಸು ಕೊಟ್ಟರು. ಡಬ್ಬಿಯ ಗಡಿಯಾರವೇ ತಪ್ಪು ಎಂದು ಮರಿಲಿಂಗಪ್ಪ ಎಷ್ಟು ಹೇಳಿದರೂ ಕಾಗದದ ಮೇಲೆ ಸಾಕ್ಷಿ ಇರಲಿಲ್ಲ.

"ಈ ಸಾಫ್ಟ್‌ವೇರ್ ಎರಡೂ ಗಡಿಯಾರ ಒಮ್ಮೆಲೆ ತಿದ್ದಿಬಿಡ್ತದ. ಏನೂ ಬರದಿಡಂಗಿಲ್ಲ. ಇನ್‌ಕ್ವೈರಿದವ್ರು ಬರೂದ್ರಾಗ ಇದನ್ನ ಹಾಕು ಅಂದಾರ ಸಾಹೇಬ್ರು. ಈ ಇನ್ನೊಂದು, ಎಷ್ಟು ಹಿಂದ ಮುಂದ ಅದ ಅಂತ ಮೊದಲ ಬರದಿಟ್ಟು ಸಾವಕಾಶ ತಿದ್ತದ. ಅದು ಬರದದ್ದು ನಾ ಅಳಸಂಗಿಲ್ಲ ಮತ್ತ," ಎಂದಳು ಯಶೋಧರಾ.

"ಬರದಿಡೂದು ಹಾಕವ್ವ. ನಾ ಸೈರನ್ ಬಾರ್ಸಿ, ಕುಂತು ಚಾ ಕುಡದು, ಆಮ್ಯಾಲ ಗೇಟ್ ಎತ್ತೀನಿ. ಇಪ್ಪತ್ತೆರಡು ವರ್ಷ ಹಿಂಗ ಮಾಡೀನಿ. ಒಂದು ಚಾ ಅಂದ್ರ ಹತ್ತು ಮಿನಿಟ."

"ಟೈಮ್ ನೋಡಿದ್ರೇನು?"

"ಚಾ ಕುಡದೆ ಅಂದೆನಲ್ಲ."

"ನನ್ನ ನೌಕರೀನೂ ಕುಡದ್ರಿ ಬಿಡ್ರಿ," ಎನ್ನುತ್ತ ಅವಳು ಬಟನ್ ಒತ್ತಿದಳು. ಪರದೆಯ ಮೇಲೆ ಸಾಲುಗಳು ಓಡಿ ನಿಂತವು.

"ಕಾಕಾ! ಗೇಟಿಂದು ಸರಿ ಅದ. ಡಬ್ಬಿ ಗಡಿಯಾರ ಏಳು ಮಿನಿಟ ಮುಂದ ಅದ. ಅಂದ್ರ ಸೈರನ್ ಆಗಿದ್ದು ಒಂಬತ್ತು ಐವತ್ತೊಂಬತ್ತಕ್ಕ. ನೀವ ಮೊದಲ ಬಾರ್ಸೀರಿ!" ಆಮೇಲೆ ಅವಳ ನಗು ನಿಂತಿತು. "ಗೇಟು... ಹತ್ತು ಎರಡಕ್ಕ."

ಮರಿಲಿಂಗಪ್ಪ ಬೆರಳು ಮಡಚಿ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಹತ್ತು ಮಿನಿಟ," ಎಂದ.

"ಮೂರು, ಕಾಕಾ."

ತನಗೆ ಸಿಟ್ಟು ಬರುತ್ತದೆಂದು ಮರಿಲಿಂಗಪ್ಪ ಕಾದ. ಬರಲಿಲ್ಲ.

ಕ್ಯಾಂಟೀನಿನ ಮುದಿ ಆಸೀಫ್ ಬಂದು ನಾಲ್ಕು ಗುಟುಕು ಹಿಡಿಯುವ ಕಾಗದದ ಕಪ್ಪಿನಲ್ಲಿ ಚಹಾ ಇಟ್ಟ. ಮರಿಲಿಂಗಪ್ಪ ಅದನ್ನೇ ನೋಡಿದ.

"ಆ ದೊಡ್ಡ ಗಿಲಾಸಾ ಎಲ್ಲಿ ಹೋದ್ವೋ ಆಸೀಫ್?"

"ಗಿಲಾಸಾ ಬಂದ್ ಮಾಡಿ ಎರಡು ವರ್ಷ ಆತಲ್ಲೋ ಮಾರಾಯ. ಯಾರು ತೊಳೀಬೇಕು? ದಿನಾ ಇದ್ರಾಗ ಕುಡೀತಿ, ಇವತ್ತು ಕಂಡ್ತೇನು?"

ಹೊರಗೆ ಇನ್‌ಕ್ವೈರಿಯವರ ಜೀಪು ನಿಂತ ಸದ್ದಾಯಿತು. ಮರಿಲಿಂಗಪ್ಪ ಪರದೆಯ ಗಡಿಯಾರ ನೋಡಿ ಕಪ್ಪು ಎತ್ತಿದ. ಎಂದಿನ ಹಾಗೆಯೇ, ಅವಸರವಿಲ್ಲದೆ ಕುಡಿದ. ಖಾಲಿ ಕಪ್ಪು ಕೆಳಗಿಟ್ಟಾಗ ಆ ಗಡಿಯಾರದಲ್ಲಿ ಎರಡು ನಿಮಿಷವೂ ಕಳೆದಿರಲಿಲ್ಲ.